ಅರವತ್ತು ಜನ, ಇಪ್ಪತ್ತೈದು ಕುರ್ಚಿ

ನಮ್ಮ ಅತ್ತಿಗೆಯ ಕೋಣೆಯನ್ನು ನಾನು ಟೇಪು ಹಿಡಿದು ಅಳೆದಿಟ್ಟುಕೊಂಡಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆ ಯಾರ ಬಾಯಿಂದಲೋ ನಿಮಗೆ ಗೊತ್ತಾಗುವುದು ಬೇಡ. ಎಂಟು ಅಡಿ ಅಗಲ, ಹತ್ತೂವರೆ ಅಡಿ ಉದ್ದ. ಬಾಗಿಲು ಎರಡೂಮುಕ್ಕಾಲು ಅಡಿ. ನಾನು ಕಣ್ಣಿಟ್ಟಿದ್ದ ಕಲರ್ ಪ್ರಿಂಟಿಂಗ್ ಮೆಷಿನ್ನು ಎರಡೂವರೆ ಅಡಿ. ಎಲ್ಲೂ ಉಜ್ಜದೆ ಸಲೀಸಾಗಿ ಒಳಗೆ ಹೋಗುತ್ತದೆ.

ಬೀದಿಗೆ ಮುಖ ಮಾಡಿಕೊಂಡಿರುವುದು ನನ್ನ ಜೆರಾಕ್ಸ್ ಅಂಗಡಿ. ಅದರ ಹಿಂದೆ, ಕಪ್ಪು ಪರದೆಯ ಆಚೆಗೆ, ಅತ್ತಿಗೆಯ ಕೋಣೆ. ಮೇಲಿನ ಮಹಡಿಯಲ್ಲಿ ನಾವೆಲ್ಲ ವಾಸವಿರುವ ಮನೆ. ಹದಿನೆಂಟು ವರ್ಷದಿಂದ ಅತ್ತಿಗೆ ಆ ಕೋಣೆಯಲ್ಲಿ ಕೂತು ಮದುವೆ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಕೂರಿಸಿ ಕೊಡುತ್ತಾ ಬಂದಿದ್ದರು. ಇದಕ್ಕೆ ಮಿಕ್ಸಿಂಗ್ ಅನ್ನುತ್ತಾರೆ. ಹಾಗಾಗಿ ಬೀದಿಯವರಿಗೆಲ್ಲ ಅವರು ಮಿಕ್ಸಿಂಗ್ ಮೇಡಂ. ಎರಡು ಮಾನಿಟರು, ಕಿರ್ ಕಿರ್ ಎನ್ನುವ ಒಂದು ಫ್ಯಾನು, ಹಳೆಯ ಮದುವೆಗಳ ಮೂಲ ರೆಕಾರ್ಡಿಂಗಿನ ಡಿಸ್ಕುಗಳನ್ನು ತುಂಬಿದ ಒಂದು ಕಬ್ಬಿಣದ ಬೀರು. ಅಷ್ಟೇ ಅವರ ಸಾಮ್ರಾಜ್ಯ.

ಮದುವೆಮನೆಗೆ ಹೋಗಿ ವಿಡಿಯೋ ತೆಗೆದುಕೊಂಡು ಬರುತ್ತಿದ್ದವನು ನಮ್ಮಣ್ಣ. ಅವನು ಮೂರು ಕಾಲಿನ ಸ್ಟ್ಯಾಂಡನ್ನು ಒಂದು ದಿನವೂ ಮುಟ್ಟಿದವನಲ್ಲ. ಯಾರಾದರೂ ಕೇಳಿದರೆ, "ಸ್ಟ್ಯಾಂಡ್ ಯಾಕೆ? ನಾನೇ ಸ್ಟ್ಯಾಂಡ್. ಈ ಕೈ ಕಲ್ಲು, ಅಲುಗಾಡಲ್ಲ" ಎಂದು ಅಂಗೈ ಚಾಚಿ ತೋರಿಸುತ್ತಿದ್ದ. ಜನ ಅವನಿಗೆ ಸ್ಟ್ಯಾಂಡಣ್ಣ ಎಂದೇ ಹೆಸರಿಟ್ಟರು. ಎರಡು ವರ್ಷದ ಹಿಂದೆ ಭುಜದ ಕೀಲು ಕೈಕೊಟ್ಟ ಮೇಲೆ ಕ್ಯಾಮರಾ ಕೆಳಗಿಟ್ಟು ಒಂದು ಕನ್ನಡಕದ ಅಂಗಡಿ ಸೇರಿಕೊಂಡಿದ್ದಾನೆ. ಕಲ್ಲುಕೈಯ ಬಗ್ಗೆ ಕೊಚ್ಚಿಕೊಳ್ಳುವುದನ್ನು ಮಾತ್ರ ಬಿಟ್ಟಿಲ್ಲ.

ಅವನ ಕೈ ಹೇಗೋ ಮನಸ್ಸೂ ಹಾಗೇ ಎನ್ನುವುದು ನನ್ನ ಹಳೆಯ ತಕರಾರು. ಹದಿನೈದು ವರ್ಷದ ಹಿಂದೆ ನನ್ನ ಮದುವೆಯ ದಿನ ಈ ಮಹಾನುಭಾವ ಬೆಳಗಿನಿಂದ ಸಂಜೆಯವರೆಗೆ ಕ್ಯಾಮರಾ ಕಣ್ಣಿಗೆ ಅಂಟಿಸಿಕೊಂಡು ನಿಂತಿದ್ದ. ಒಡಹುಟ್ಟಿದ ಒಬ್ಬನೇ ತಮ್ಮ ನಾನು. ಹತ್ತಿರ ಬಂದು ಹೆಗಲ ಮೇಲೆ ಕೈ ಇಡಲಿಲ್ಲ, ಚೆನ್ನಾಗಿರು ಎಂದು ಒಂದು ಮಾತು ಆಡಲಿಲ್ಲ. ಬಾಡಿಗೆಗೆ ಬಂದವನಾದರೂ "ಸ್ವಲ್ಪ ನಗಿ ಸಾರ್" ಎನ್ನುತ್ತಾನೆ. ಅಂದಿನಿಂದ ಮಾತು ಬಂದಾಗೆಲ್ಲ ನಾನು ಅವನನ್ನು ಕಲ್ಲು ಎಂದೇ ಆಡಿಕೊಳ್ಳುತ್ತಿದ್ದೆ. ಅವನು ಅದನ್ನೂ ಹೊಗಳಿಕೆ ಎಂದುಕೊಂಡು ಮೀಸೆ ತೀಡುತ್ತಿದ್ದ.

ಅಣ್ಣ ಕ್ಯಾಮರಾ ಬಿಟ್ಟಮೇಲೆ ಅತ್ತಿಗೆಯ ಕೆಲಸ ಬತ್ತುತ್ತಾ ಬಂತು. ಹೊಸ ಹುಡುಗರು ತಾವೇ ತೆಗೆದು ತಾವೇ ಜೋಡಿಸಿಕೊಳ್ಳುತ್ತಾರೆ. ಆರು ತಿಂಗಳಿಂದ ಕೋಣೆಯಲ್ಲಿ ಫ್ಯಾನೊಂದೇ ಕೆಲಸ ಮಾಡುತ್ತಿತ್ತು. ಇತ್ತ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕೊನೆಗೆ ವಿಷಯ ಅಮ್ಮನ ಕಟಕಟೆಗೆ ಹೋಯಿತು. ಅಮ್ಮನಿಗೆ ಎಂಬತ್ತು, ಆದರೆ ತೀರ್ಪಿನಲ್ಲಿ ನಡುಕವಿಲ್ಲ.

"ತಿಂಗಳ ಕೊನೇ ಭಾನುವಾರದ ತನಕ ನೋಡೋಣ," ಎಂದಳು. "ಅಷ್ಟರಲ್ಲಿ ಇವಳಿಗೆ ಕಾಯಂ ಕೆಲಸ ಅಂತ ಒಂದು ಸಿಕ್ಕಿದ್ರೆ ಕೋಣೆ ಇವಳದು. ಇಲ್ದಿದ್ರೆ ಚಿಕ್ಕವನಿಗೆ. ಕಂಪ್ಯೂಟರ್ ಮಾರಿ, ಬೀರು ಅಟ್ಟಕ್ಕೆ ಹಾಕಿ."

ಅತ್ತಿಗೆ "ಸರಿ ಅತ್ತೆ" ಎಂದರು. ನಾನು ದೊಡ್ಡ ಮನಸ್ಸು ಮಾಡಿ, "ನನ್ನ ಅಂಗಡೀಲೇ ಕೂತ್ಕೊಳ್ಳಿ ಅತ್ತಿಗೆ, ಲ್ಯಾಮಿನೇಷನ್ ನೀವು ನೋಡ್ಕೊಳ್ಳಿ" ಎಂದೆ. ಅವರು ಆಮೇಲೆ ಕೆಳಗಿಳಿದು ಹೋಗಿ, ಮಾಡಲು ಕೆಲಸವಿಲ್ಲದಿದ್ದರೂ ಎರಡೂ ಮಾನಿಟರ್ ಹಾಕಿಕೊಂಡು ಕೂತರು.

ಆ ಕೊನೆಯ ವಾರದ ಸೋಮವಾರ ಹಲ್ಲಿನ ಡಾಕ್ಟರಮ್ಮ ನನ್ನ ಅಂಗಡಿಗೆ ಬಂದರು. ಎರಡು ಬೀದಿ ಆಚೆ ಅವರ ಕ್ಲಿನಿಕ್ಕು. ವಯಸ್ಸು ನಲವತ್ತೈದರ ಆಸುಪಾಸು, ಮಾತು ಕಡ್ಡಿ ಮುರಿದ ಹಾಗೆ. ಏನೋ ಫಾರಮ್ಮುಗಳ ಜೆರಾಕ್ಸ್ ಮಾಡಿಸುತ್ತಾ ಗೋಡೆಯ ಮೇಲಿದ್ದ 'ವಿಡಿಯೋ ಮಿಕ್ಸಿಂಗ್' ಬೋರ್ಡು ನೋಡಿ, "ಇದು ಇನ್ನೂ ಇದೆಯಾ?" ಎಂದು ಕೇಳಿದರು. ಇಲ್ಲ ಎನ್ನಲು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಪರದೆ ಸರಿಸಿಕೊಂಡು ಅತ್ತಿಗೆಯೇ ಹೊರಗೆ ಬಂದರು.

ಡಾಕ್ಟರಮ್ಮ ಹೇಳಿದ್ದನ್ನು ಕೇಳಿ ನಾನು ಮೆಷಿನ್ ನಿಲ್ಲಿಸಿದೆ. ಅವರು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಾರಂತೆ. ಆಡುವಾಗ ಪರದೆಯ ಮೇಲೆ ನಡೆಯುವುದೆಲ್ಲ ರೆಕಾರ್ಡ್ ಆಗುತ್ತದಂತೆ, ಜೊತೆಗೆ ಅವರ ಕೂಗಾಟವೂ. ಅದನ್ನು ನೆಟ್ಟಿಗೆ ಹಾಕಿದರೆ ಸಾವಿರಾರು ಜನ ಕೂತು ನೋಡುತ್ತಾರಂತೆ.

"ದಿನವಿಡೀ ಜನರ ಬಾಯೊಳಗೆ ನೋಡ್ತೀನಿ," ಎಂದರು ಡಾಕ್ಟರಮ್ಮ. "ಸಾಯಂಕಾಲ ಎರಡು ಗಂಟೆ ಕಾರ್ ಓಡಿಸ್ಲಿಲ್ಲ ಅಂದ್ರೆ ಮಾರನೇ ದಿನ ಯಾರ ಹಲ್ಲು ಕೀಳ್ತೀನೋ ನಂಗೇ ಗೊತ್ತಾಗಲ್ಲ. ಆಡೋಕೆ ಟೈಮಿದೆ, ಕತ್ತರಿಸೋಕಿಲ್ಲ. ಒಂದು ಮಾಡಿ ತೋರ್ಸಿ. ಹಿಡಿಸಿದ್ರೆ ವಾರಕ್ಕೆ ಎರಡು, ವರ್ಷಪೂರ್ತಿ. ಶನಿವಾರ ಕ್ಲಿನಿಕ್ ಮುಚ್ಚೋದ್ರೊಳಗೆ ಬೇಕು."

ಪೆನ್‌ಡ್ರೈವ್ ಕೊಟ್ಟು ಹೋದರು. ಅತ್ತಿಗೆ ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನತ್ತ ತಿರುಗಿ, "ಟೇಪು ಜೇಬಲ್ಲೇ ಇರಲಿ" ಎಂದರು. ಇವರಿಗೆ ಯಾರು ಹೇಳಿದರೋ!

ಐವತ್ತು ನಿಮಿಷದ ಆಟ. ಅದನ್ನು ಹತ್ತು ನಿಮಿಷಕ್ಕೆ ಇಳಿಸಬೇಕು. ಅತ್ತಿಗೆ ಜೀವಮಾನದಲ್ಲಿ ಅಂಥ ಆಟ ಆಡಿದವರಲ್ಲ, ಆದರೆ ಜನ ಎಲ್ಲಿ ನಗುತ್ತಾರೆ, ಎಲ್ಲಿ ಆಕಳಿಸುತ್ತಾರೆ ಎನ್ನುವುದು ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಅಡ್ಡ ಬಂದ ಲಾರಿಯೊಂದಕ್ಕೆ ಡಾಕ್ಟರಮ್ಮ ಬೈದ ಬೈಗುಳವನ್ನು ಪೂರ್ತಿ ಉಳಿಸಿದರು. ಗೆದ್ದ ರೇಸನ್ನು ಅರ್ಧ ನಿಮಿಷಕ್ಕೆ ಇಳಿಸಿ, ಸೋತು ಹಳ್ಳಕ್ಕೆ ಬಿದ್ದದ್ದನ್ನು ಎರಡು ಸಲ ತೋರಿಸಿದರು. ಪರದೆಯ ಈಚೆ ಕೂತ ನನಗೇ ನಗು ತಡೆಯಲಾಗಲಿಲ್ಲ. ಮಂಗಳವಾರ ಸಂಜೆ ಕಳಿಸಿಕೊಟ್ಟರು.

ಬುಧವಾರ ಬೆಳಿಗ್ಗೆ ಫೋನು ಬಂತು. "ಕತ್ತರಿಸಿರೋದು ಸೊಗಸಾಗಿದೆ, ನಕ್ಕೂ ನಕ್ಕೂ ಸಾಕಾಯ್ತು," ಎಂದರು ಡಾಕ್ಟರಮ್ಮ. "ಆದ್ರೆ ಇದೇನಿದು, ತಿರುವು ಬಂದಾಗೆಲ್ಲ ಮಂಜು ಮಂಜು? ಒಂದು ಕಾರಿಗೆ ಎರಡೆರಡು ನೆರಳು. ನೋಡ್ತಾ ನೋಡ್ತಾ ತಲೆ ಸುತ್ತುತ್ತೆ. ಹೀಗಿದ್ರೆ ಆಗಲ್ಲ, ಸರಿ ಮಾಡಿಕೊಡಿ."

ಅತ್ತಿಗೆಯ ಮುಖ ಸಣ್ಣಗಾಯಿತು. "ಹದಿನೆಂಟು ವರ್ಷದಲ್ಲಿ ನನ್ನ ವಿಡಿಯೋ ನೋಡಿ ಮಂಜು ಅಂದವರಿಲ್ಲ," ಎಂದರು. ಮಾತು ಸುಳ್ಳಲ್ಲ. ಅವರ ಮಿಕ್ಸಿಂಗಿಗೆ ಊರೆಲ್ಲ ಹೆಸರಿದ್ದದ್ದೇ ಅದರ ನಯಕ್ಕೆ. ಮುಖದ ಮೊಡವೆ ಮಾಯ, ನಡಿಗೆ ತೇಲಿಬಂದಂತೆ. ಆದರೆ ಮದುವೆಮನೆಯಲ್ಲಿ ಯಾವ ಮದುಮಗಳೂ ಗಂಟೆಗೆ ಇನ್ನೂರು ಮೈಲಿ ಓಡುವುದಿಲ್ಲವಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅತ್ತಿಗೆ ಮೊದಲು ಕೇಬಲ್ಲಿನ ಮೇಲೆ ಹಾಕಿದರು, ಬದಲಾಯಿಸಿದರು. ಆಮೇಲೆ ಮಾನಿಟರಿನ ಮೇಲೆ ಹಾಕಿದರು, ಅದನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಉಜ್ಜಿದರು. ಕೊನೆಗೆ ನನ್ನ ಮೇಲೆ ಬಂತು. "ನಿನ್ನ ಜೆರಾಕ್ಸ್ ಮೆಷಿನ್ ಓಡುವಾಗ ಕರೆಂಟ್ ಎಳೆಯುತ್ತೆ. ಒಂದು ಗಂಟೆ ನಿಲ್ಸು." ನಿಲ್ಲಿಸಿದೆ. ಹೊರಗೆ ಮೂರು ಜನ ಗಿರಾಕಿಗಳು ನನ್ನ ವಂಶವನ್ನು ನೆನೆಯುತ್ತಾ ನಿಂತರು. ಒಳಗೆ ಕಾರಿಗೆ ಎರಡು ನೆರಳು ಹಾಗೇ ಇದ್ದವು.

ಅಣ್ಣ ಸಂಜೆ ಬಂದವನು ವಿಷಯ ಕೇಳಿ, ತಜ್ಞನ ಹಾಗೆ ತಲೆಯಾಡಿಸಿದ. "ವಿಡಿಯೋಗೇನೂ ಆಗಿಲ್ಲ ಕಣೇ. ನಿನ್ನ ಕಣ್ಣಿಗಾಗಿದೆ." ಅವನ ಅಂಗಡಿಗೇ ಕರೆದುಕೊಂಡು ಹೋಗಿ ಅಕ್ಷರ ಓದಿಸಿದ. ನಿಜಕ್ಕೂ ನಂಬರ್ ಏರಿತ್ತು. ಗುರುವಾರ ಮಧ್ಯಾಹ್ನ ಅತ್ತಿಗೆ ಹೊಸ ಕನ್ನಡಕ ಹಾಕಿಕೊಂಡು ಬಂದು, ಕುರ್ಚಿ ಎಳೆದುಕೊಂಡು ಪರದೆಯನ್ನು ತುಂಬ ಹೊತ್ತು ದಿಟ್ಟಿಸಿದರು.

"ಹೇಗಿದೆ?" ಎಂದ ಅಣ್ಣ.

"ಈಗ ಮಂಜು ಸ್ಪಷ್ಟವಾಗಿ ಕಾಣ್ತಿದೆ," ಎಂದರು ಅತ್ತಿಗೆ.

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಸುಳ್ಳೇಕೆ ಹೇಳಲಿ, ಶುಕ್ರವಾರ ಬೆಳಿಗ್ಗೆ ಪ್ಲಗ್ಗು ಎಲ್ಲಿದೆ ನೋಡೋಣ ಎಂದುಕೊಂಡೇ ಅವರ ಕೋಣೆಗೆ ಹೋದೆ. ಅತ್ತಿಗೆ ತಲೆ ಎತ್ತದೆ, "ಬಾ ಇಲ್ಲಿ," ಎಂದರು. "ನಿಂತು ಖುಷಿಪಡೋ ಬದಲು ಕೂತು ನೋಡು. ಎರಡು ಕಣ್ಣಿಗಿಂತ ನಾಲ್ಕು ಕಣ್ಣು ವಾಸಿ."

ವಿಡಿಯೋ ಎನ್ನುವುದು ಓಡುವ ಚಿತ್ರವಲ್ಲ, ಒಂದರ ಹಿಂದೊಂದು ಬರುವ ನಿಂತ ಚಿತ್ರಗಳು ಎನ್ನುವುದು ನನಗೂ ಗೊತ್ತಿತ್ತು. ಅವಕ್ಕೆ ಫ್ರೇಮು ಎನ್ನುತ್ತಾರೆ. ಅತ್ತಿಗೆ ತಾವು ಮಾಡಿದ ವಿಡಿಯೋವನ್ನು ನಿಲ್ಲಿಸಿ, ಒಂದೊಂದೇ ಫ್ರೇಮು ಮುಂದಕ್ಕೆ ಒತ್ತಿದರು. ಕೆಂಪು ಕಾರು ರಸ್ತೆ ಬದಿಯ ಬಿಳಿ ಕಲ್ಲೊಂದನ್ನು ದಾಟುತ್ತಿತ್ತು. ಇರುವುದು ಒಂದೇ ಕಲ್ಲು. ಅವರ ಫ್ರೇಮಿನಲ್ಲಿ ಎರಡು ಕಲ್ಲು, ಎರಡೂ ಅರ್ಧಂಬರ್ಧ ತೆಳು. ಕಾರಿನ ಹಿಂದೆ ಇನ್ನೊಂದು ತೆಳು ಕಾರು. ಆಮೇಲೆ ಡಾಕ್ಟರಮ್ಮ ಕೊಟ್ಟಿದ್ದ ಮೂಲ ರೆಕಾರ್ಡಿಂಗ್ ತೆಗೆದು ಅದೇ ಜಾಗಕ್ಕೆ ಬಂದರು. ಒಂದು ಕಾರು, ಒಂದು ಕಲ್ಲು. ಮುಂದಿನ ಫ್ರೇಮು, ಅಲ್ಲೂ ಒಂದೇ.

"ಅವರ ಮನೆಯಿಂದ ಬಂದಿದ್ದು ಶುದ್ಧವಾಗಿದೆ," ಎಂದರು ಅತ್ತಿಗೆ. "ಕೆಟ್ಟಿದ್ದು ನಮ್ಮ ಮನೆಯಲ್ಲಿ."

ಒಂದು ಸೆಕೆಂಡಿಗೆ ಎಷ್ಟು ಫ್ರೇಮು ಎಂದು ಎಣಿಸಿದೆವು. ಡಾಕ್ಟರಮ್ಮನದರಲ್ಲಿ ಅರವತ್ತು. ಅತ್ತಿಗೆಯದರಲ್ಲಿ ಇಪ್ಪತ್ತೈದು. ಅಷ್ಟರಲ್ಲಿ ಊಟಕ್ಕೆಂದು ಅಂಗಡಿಯಿಂದ ಬಂದ ಅಣ್ಣನೂ ಪರದೆ ಸರಿಸಿ ಒಳಗೆ ತೂರಿಕೊಂಡ. ನನಗೆ ಲೆಕ್ಕ ತಲೆಗೆ ಹೋಗಲಿಲ್ಲ. "ಇಪ್ಪತ್ತೈದಾದ್ರೆ ಏನೀಗ?" ಎಂದೆ.

"ಅರವತ್ತು ಜನ ಬಂದಿದ್ದಾರೆ, ನಾನು ಇಪ್ಪತ್ತೈದು ಕುರ್ಚಿ ಹಾಕಿದ್ದೀನಿ. ಏನಾಗುತ್ತೆ?"

"ಉಳಿದವರು ಎದ್ದು ಮನೆಗೆ ಹೋಗ್ತಾರೆ."

"ಹೋದ್ರೆ ಒಳ್ಳೇದಿತ್ತು, ಕೂತವರ ಮುಖವಾದ್ರೂ ಕಾಣ್ತಿತ್ತು. ನಾವು ಒಬ್ಬರ ತೊಡೆ ಮೇಲೆ ಒಬ್ಬರನ್ನ ಕೂರಿಸಿದ್ದೀವಿ. ಇಬ್ಬರ ಮುಖಾನೂ ಕಾಣ್ತಿಲ್ಲ."

ಹಾಗಾದರೆ ಕುರ್ಚಿ ಇಪ್ಪತ್ತೈದೇ ಏಕೆ? ಅದಕ್ಕೆ ಅತ್ತಿಗೆಯ ಕೆಲಸದ ರೀತಿ ಹೇಳಬೇಕು. ಅವರು ಯಾವ ವಿಡಿಯೋವನ್ನೂ ಹೊಸದಾಗಿ ಶುರು ಮಾಡುವವರಲ್ಲ. 'ಮದುವೆ' ಎಂಬ ಹೆಸರಿನ ಒಂದು ಅಚ್ಚು ಇದೆ. ಅದನ್ನು ತೆರೆದು, ಹಳೆಯ ಮದುವೆ ತೆಗೆದು, ಹೊಸ ಮದುವೆ ಸುರಿದು, ಬೇರೆ ಹೆಸರಿಟ್ಟು ಉಳಿಸುತ್ತಾರೆ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವ ಹಾಗೆ. ಹದಿನೆಂಟು ವರ್ಷದಲ್ಲಿ ಕಂಪ್ಯೂಟರ್ ಮೂರು ಬದಲಾದವು, ಅಚ್ಚು ಬದಲಾಗಲಿಲ್ಲ. ಡಾಕ್ಟರಮ್ಮನ ಕಾರೂ ಆ ಮದುವೆಯ ಅಚ್ಚಿಗೇ ಬಿದ್ದಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ನಮ್ಮದು.

ಆ ಅಚ್ಚಿನ ಸೆಟ್ಟಿಂಗನ್ನು ತೆರೆಯಿರಿ ಎಂದು ಹಟ ಹಿಡಿದವನು ನಾನೇ. ಅತ್ತಿಗೆ ಯಾಕೋ ಹಿಂದೆ ಮುಂದೆ ನೋಡಿದರು, ಆಮೇಲೆ ತೆರೆದರು. ಇಪ್ಪತ್ತೈದು ಎಂದಿತ್ತು. ಅದರ ಕೆಳಗೆ 'ಫ್ರೇಮುಗಳನ್ನು ಬೆರೆಸು' ಎನ್ನುವ ಅರ್ಥದ ಒಂದು ಸಾಲು, ಅದರ ಮುಂದೆ ಒಂದು ಟಿಕ್ಕು.

"ಇದೇ ನೋಡಿ ಕಳ್ಳ!" ಎಂದು ಕೂಗಿದೆ. "ಇದೇ ತೊಡೆ ಮೇಲೆ ಕೂರಿಸ್ತಿರೋದು."

"ಯಾರು ಹಾಕಿದ್ದು ಆ ಟಿಕ್ಕು?" ಎಂದು ಅಣ್ಣ ಬಗ್ಗಿ ನೋಡಿದ.

"ಅದು ಕಂಪ್ಯೂಟರ್ ಜೊತೆಗೇ ಬಂದಿತ್ತು," ಎಂದರು ಅತ್ತಿಗೆ, ಕನ್ನಡಕ ತೆಗೆದು ಒರೆಸುತ್ತಾ.

ನಾನು ಅತ್ತಿಗೆಯನ್ನು ಇಪ್ಪತ್ತು ವರ್ಷದಿಂದ ಬಲ್ಲೆ. ಸುಳ್ಳು ಹೇಳುವಾಗ ಅವರು ಕನ್ನಡಕ ಒರೆಸುತ್ತಾರೆ. ಅದೂ ಅಲ್ಲದೆ, ಮೂರು ಕಂಪ್ಯೂಟರಿನಲ್ಲಿ ಯಾವುದರ ಜೊತೆಗೆ ಬಂದಿತ್ತು? ಕೇಳೋಣ ಎಂದುಕೊಂಡೆ. ಆದರೆ ಅವರು ಆಗಲೇ ಹೊಸ ಪ್ರಾಜೆಕ್ಟು ತೆರೆದಿದ್ದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಎಷ್ಟು ಫ್ರೇಮು ಎಂದು ಕಂಪ್ಯೂಟರ್ ಕೇಳಿತು. ಅರವತ್ತು ಎಂದು ಒತ್ತಿ, ಬೆರೆಸುವ ಟಿಕ್ಕು ಇಲ್ಲದ್ದನ್ನು ಎರಡು ಸಲ ನೋಡಿಕೊಂಡು, ಹತ್ತು ನಿಮಿಷದ ವಿಡಿಯೋವನ್ನು ಮೊದಲಿನಿಂದ ಜೋಡಿಸಲು ಕೂತರು. ಸಂಜೆಯ ಹೊತ್ತಿಗೆ ಅವರ ಪರದೆಯ ಮೇಲೆ ಕಾರು ಒಂದು, ಕಲ್ಲು ಒಂದು. ಚಕ್ರದಿಂದ ಎದ್ದ ಧೂಳಿನ ಕಣ ಕೂಡ ಬೇರೆ ಬೇರೆ ಕಾಣುತ್ತಿತ್ತು.

ಶನಿವಾರ ಹನ್ನೆರಡು ಗಂಟೆಗೆ ಅದನ್ನು ಡಾಕ್ಟರಮ್ಮನಿಗೆ ಕೊಡುವ ಫೈಲಾಗಿ ಹೊರಗೆ ತೆಗೆದರು. ಒಮ್ಮೆ ನೋಡಿಯೇ ಕೊಡೋಣ ಎಂದು ಹಾಕಿದರೆ, ಮತ್ತೆ ಮಂಜು. ಮತ್ತೆ ಎರಡು ಕಲ್ಲು.

ಅತ್ತಿಗೆ ಮೌಸ್ ಬಿಟ್ಟು ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ನಾಳೆ ಭಾನುವಾರ, ಕೊನೆಯ ಭಾನುವಾರ. ನಾನು ಕುಣಿದಾಡಬೇಕಿತ್ತು. ಹಾಳಾದ್ದು, ಅದಾಗಲಿಲ್ಲ. ಎರಡು ದಿನ ಪಕ್ಕದಲ್ಲಿ ಕೂತು ಕಲ್ಲು ಎಣಿಸಿದವನಿಗೆ ಆ ಕಲ್ಲು ಒಂದೇ ಆಗಿ ಕಾಣಲಿ ಎಂಬ ಆಸೆ ಹುಟ್ಟಿಬಿಟ್ಟಿತ್ತು. "ಟಿಕ್ಕು ತೆಗೆದಾಯ್ತಲ್ಲ! ಇನ್ನೇನು ಬೇಕಂತೆ ಈ ಡಬ್ಬಕ್ಕೆ?" ಎಂದು ಮೇಜು ಗುದ್ದಿದೆ.

"ಬಾಗಿಲ ಪರದೆ ಎಳಿ," ಎಂದರು ಅತ್ತಿಗೆ.

ಎಳೆದೆ.

"ಟಿಕ್ಕು ಎರಡು ಕಡೆ ಇದೆ," ಎಂದರು. "ಅಚ್ಚಿನಲ್ಲೊಂದು. ಫೈಲು ಹೊರಗೆ ಹೋಗೋ ಬಾಗಿಲಲ್ಲಿ ಇನ್ನೊಂದು. ಅಲ್ಲಿನ ಸೆಟ್ಟಿಂಗಿಗೂ 'ಮದುವೆ' ಅಂತಲೇ ಹೆಸರು, ಅಲ್ಲೂ ಇಪ್ಪತ್ತೈದು. ಒಂದು ಕಡೆ ಮರೆತ್ರೂ ಇನ್ನೊಂದು ಕಡೆ ಕಾಪಾಡ್ಲಿ ಅಂತ ನಾನೇ ಹಾಕಿದ್ದೆ. ಬಾಗಿಲಲ್ಲಿ ಹಾಕಿದ್ದು ನಂಗೇ ಮರೆತುಹೋಗಿತ್ತು ನೋಡು."

"ಏನನ್ನ ಕಾಪಾಡ್ಲಿ ಅಂತ?"

"ನಿಮ್ಮಣ್ಣನ್ನ." ಅತ್ತಿಗೆ ದನಿ ತಗ್ಗಿಸಿದರು. "ಅವರ ಕೈ ನಡುಗ್ತಿತ್ತು ಕಣೋ. ಮೊದಲನೇ ಮದುವೆಯಿಂದಲೂ. ಎಲ್ಲಾ ಕಡೆ ಅಲ್ಲ, ಕೆಲವು ಕಡೆ. ಚಿತ್ರಾನ ಒಂಚೂರು ನಿಧಾನ ಮಾಡಿ, ಒಂದರ ಮೇಲೊಂದು ಬೆರೆಸಿಬಿಟ್ರೆ ನಡುಕ ಕರಗಿಹೋಗ್ತಿತ್ತು. ಅವರು ನೋಡ್ತಿದ್ದಿದ್ದು ಪೂರ್ತಿಯಾದ ವಿಡಿಯೋ ಮಾತ್ರ. ನೋಡಿ ನೋಡಿ ಕೈ ಕಲ್ಲು ಅಂದ್ಕೊಂಡ್ರು. ನಾನು ಹೂಂ ಅಂದೆ."

ನನಗೆ ನಗು ಉಕ್ಕಿ ಬಂತು. ಹದಿನೆಂಟು ವರ್ಷದ ಜಂಬ! ಸ್ಟ್ಯಾಂಡಣ್ಣ! ಕುರ್ಚಿಯ ಬೆನ್ನಿಗೆ ಹಣೆ ಒತ್ತಿಕೊಂಡು, ಸದ್ದು ಹೊರಗೆ ಹೋಗದ ಹಾಗೆ ನಕ್ಕೆ.

"ಅವರಿಗೇನಾದ್ರೂ ಹೇಳಿದ್ರೆ," ಎಂದರು ಅತ್ತಿಗೆ, "ನಿನ್ನ ಜೆರಾಕ್ಸ್ ಮೆಷಿನ್ ಮೇಲೆ ಕಾಫಿ ಸುರೀತೀನಿ."

"ಹೇಳಲ್ಲ. ಆದ್ರೆ ಕೆಲವು ಕಡೆ ಮಾತ್ರ ಯಾಕೆ ನಡುಗ್ತಿತ್ತು?"

"ಕೆಲಸ ಮಾಡೋಕೆ ಬಿಡ್ತೀಯಾ?"

ಹೊರಬಾಗಿಲಿನ ಟಿಕ್ಕು ತೆಗೆದು, ಇಪ್ಪತ್ತೈದನ್ನು ಅರವತ್ತು ಮಾಡಿ ಮತ್ತೆ ಶುರು ಮಾಡಿದರು. ಫೈಲು ಹೊರಬರಲು ಒಂದು ಗಂಟೆ ನಲವತ್ತು ನಿಮಿಷ ಬೇಕಾಯಿತು. ಹಸಿರು ಪಟ್ಟಿ ಇರುವೆಯ ಹಾಗೆ ತೆವಳುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ಮೆಷಿನ್ ಕೆಟ್ಟಿದೆ ಎಂದು ಹೇಳಿ ಕಳಿಸಿದೆ, ಅತ್ತಿಗೆ ಹೇಳಿದ್ದ ಆ ಕರೆಂಟಿನ ಮಾತು ನಿಜವೇ ಆಗಿದ್ದರೆ ಎನ್ನುವ ಭಯ. ಬಂದ ಫೈಲನ್ನು ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಒಂದೇ ಕಲ್ಲು.

ಕ್ಲಿನಿಕ್ಕಿಗೆ ನಾನೂ ಜೊತೆಗೆ ಹೋದೆ. ಏಕೆ ಹೋದೆ ಎಂದು ಕೇಳಬೇಡಿ. ಕಾಯುವ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿ, ಕೆನ್ನೆ ಊದಿದ ಇಬ್ಬರು. ಅತ್ತಿಗೆ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಂದವರಿಗಿಂತ ಹೆಚ್ಚು ಬೆವರುತ್ತಾ ಕೂತಿದ್ದರು. ಡಾಕ್ಟರಮ್ಮ ನಮ್ಮನ್ನು ನೇರ ಒಳಗೆ ಕರೆದರು. ಒಳಗೆ ಒಬ್ಬ ದಪ್ಪ ಮನುಷ್ಯ ಬಾಯಿತುಂಬ ಹತ್ತಿ ಇಟ್ಟುಕೊಂಡು ಮಲಗಿದ್ದ. "ಇವರಿಗೆ ಮರಗಟ್ಟೋಕೆ ಹತ್ತು ನಿಮಿಷ ಬೇಕು, ಅಷ್ಟರಲ್ಲಿ ನೋಡಿಬಿಡೋಣ," ಎಂದು ಎಕ್ಸ್‌ರೇ ತೋರಿಸುವ ಪರದೆಗೇ ಪೆನ್‌ಡ್ರೈವ್ ಸಿಕ್ಕಿಸಿದರು.

ಆ ತಿರುವು ಬಂತು. ಡಾಕ್ಟರಮ್ಮ ನಿಲ್ಲಿಸಿದರು. ಒಂದು ಫ್ರೇಮು ಹಿಂದೆ, ಒಂದು ಫ್ರೇಮು ಮುಂದೆ. ಮುಖ ಪರದೆಯ ಹತ್ತಿರ ಒಯ್ದರು, ಹುಳುಕು ಹುಡುಕುವವರ ಹಾಗೆ. ಅತ್ತಿಗೆ ನನ್ನ ತೋಳು ಹಿಡಿದುಕೊಂಡಿದ್ದರು, ಉಗುರು ನಾಟುತ್ತಿತ್ತು.

"ಅಯ್ಯೋ, ಕಲ್ಲಿನ ಮೇಲಿರೋ ನಂಬರ್ ಓದಬಹುದಲ್ರೀ!" ಎಂದರು ಡಾಕ್ಟರಮ್ಮ. "ನಾನು ಆಡುವಾಗಲೂ ಇದು ಕಂಡಿರ್ಲಿಲ್ಲ."

ಹತ್ತಿ ತುಂಬಿದ ಬಾಯಿಂದ ಆ ದಪ್ಪ ಮನುಷ್ಯನೂ "ಊಂ ಊಂ" ಎಂದು ಹೆಬ್ಬೆರಳು ಎತ್ತಿದ. ಮುಂದಿನ ವಾರದ ಎರಡು ಆಟಗಳ ರೆಕಾರ್ಡಿಂಗನ್ನು ಡಾಕ್ಟರಮ್ಮ ಆಗಲೇ ಅತ್ತಿಗೆಯ ಕೈಗೆ ಕೊಟ್ಟರು. ವಾಪಸು ಬರುವಾಗ ಅತ್ತಿಗೆ ಬೀದಿಯ ನಡುವೆಯೇ ನಗುತ್ತಾ ನಡೆದರು. ನನ್ನ ಮೆಷಿನ್ನು ಹೋಯಿತು ಎಂಬ ದುಃಖವನ್ನು ನಾನು ಹುಡುಕಿದೆ, ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ಅತ್ತಿಗೆಯ ಕೋಣೆಯಲ್ಲಿ ಸೇರಿದೆವು. ಇದ್ದ ಒಂದು ಕೈಕುರ್ಚಿಯಲ್ಲಿ ಅಮ್ಮ, ಬೀರುವಿಗೆ ಒರಗಿ ಅಣ್ಣ, ಬಾಗಿಲಲ್ಲಿ ನಾನು ಮತ್ತು ನನ್ನ ಹೆಂಡತಿ. ಡಾಕ್ಟರಮ್ಮನ ವಿಡಿಯೋ ಪೂರ್ತಿ ನೋಡಿದ ಅಮ್ಮ, "ಇವಳಿಗೆ ಲೈಸೆನ್ಸ್ ಕೊಟ್ಟೋರು ಯಾರು?" ಎಂದು ಕೇಳಿ, ಆಮೇಲೆ ತೀರ್ಪು ಕೊಟ್ಟಳು. "ಕೋಣೆ ಇವಳದೇ. ಚಿಕ್ಕವನೇ, ನಿನ್ನ ಮೆಷಿನ್ನಿಗೆ ಬೇರೆ ಮನೆ ನೋಡು."

ಅಲ್ಲಿಗೆ ಮುಗಿಯಬೇಕಿತ್ತು. ಅಣ್ಣ ಬಿಡಬೇಕಲ್ಲ.

"ಇಷ್ಟು ಸ್ಪಷ್ಟವಾಗಿ ಬರುತ್ತೆ ಅಂತಾದ್ರೆ ನನ್ನ ಕೆಲಸ ಯಾಕೆ ಮಬ್ಬಲ್ಲಿ ಇರ್ಬೇಕು?" ಎಂದ. "ಆ ದರಿದ್ರ ಟಿಕ್ಕು ತೆಗೆದು ನಂದೊಂದು ಹಾಕು. ಕೈ ಹೇಗಿತ್ತು ಅಂತ ಎಲ್ಲರೂ ನೋಡ್ಲಿ." ಬೀರುವಿನಿಂದ ಡಿಸ್ಕೊಂದನ್ನು ಆಗಲೇ ತೆಗೆದು ಹಿಡಿದಿದ್ದ. ನನ್ನ ಮದುವೆಯ ಮೂಲ ರೆಕಾರ್ಡಿಂಗು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು, "ಹದಿನೈದು ವರ್ಷದ ಡಿಸ್ಕು, ಕೆಟ್ಟಿರಬಹುದು," ಎಂದೆ. "ಹಾಕಿ ನೋಡಿದ್ರೆ ತಾನೇ ಗೊತ್ತಾಗೋದು," ಎಂದಳು ನನ್ನ ಹೆಂಡತಿ, ತನ್ನನ್ನು ನೋಡಿಕೊಳ್ಳುವ ಆಸೆಗೆ. ಅತ್ತಿಗೆ ಕನ್ನಡಕ ತೆಗೆದರು. ಒರೆಸಲು ಸೆರಗು ಹಿಡಿದವರು ಹಾಗೇ ಬಿಟ್ಟು, ಕನ್ನಡಕವನ್ನು ಮತ್ತೆ ಮೂಗಿನ ಮೇಲಿಟ್ಟರು.

"ಹಾಕ್ತೀನಿ," ಎಂದರು. "ಆಮೇಲೆ ನನ್ನ ಮೇಲೆ ರೇಗಬೇಡಿ."

ಹಾಡು ಇಲ್ಲ, ನಯ ಇಲ್ಲ, ಅಣ್ಣ ತೆಗೆದದ್ದು ತೆಗೆದ ಹಾಗೇ. ಮೊದಲು ಕುರ್ಚಿಗಳಲ್ಲಿ ಕೂತ ನೆಂಟರು ಬಂದರು. ಸೋದರಮಾವನ ಅಂಗಿಯಲ್ಲಿ ಒಂದು ಗುಂಡಿ ಇಲ್ಲದ್ದು ಹದಿನೈದು ವರ್ಷದ ಮೇಲೆ ಅವತ್ತು ಕಂಡಿತು. ಚಿತ್ರ ಒಂದಿಷ್ಟೂ ಅಲುಗಲಿಲ್ಲ. ಅಣ್ಣ ಎದೆಯುಬ್ಬಿಸಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿದ. ನಾನು ಅತ್ತಿಗೆಯತ್ತ ನೋಡಿದೆ, ಇವರು ಹೇಳಿದ್ದೇ ಸುಳ್ಳೇ?

ಆಮೇಲೆ ಬಾಗಿಲಿನಿಂದ ನಾನು ಒಳಗೆ ಬಂದೆ. ಸಡಿಲವಾದ ಕೋಟು, ಎಣ್ಣೆ ಮೆತ್ತಿದ ತಲೆ, ಗಾಬರಿ ಮುಖ. ಚಿತ್ರ ನಡುಗಿತು. ಕೈ ಸೋತವನ ನಡುಕವಲ್ಲ ಅದು. ಒಂದು ಎಳೆತ, ಆಮೇಲೆ ತಡೆದು ನಿಲ್ಲಿಸಿದ ಹಾಗೆ, ಮತ್ತೆ ಎರಡು ಎಳೆತ. ಕ್ಯಾಮರಾ ನೆಂಟರತ್ತ ತಿರುಗಿದಾಗ ನಿಂತಿತು. ನನ್ನತ್ತ ಬಂದಾಗ ಮತ್ತೆ ಶುರುವಾಯಿತು. ಅತ್ತಿಗೆ ಸದ್ದು ಏರಿಸಿದರು. ಜನರ ಗದ್ದಲದ ಈಚೆ, ಮೈಕಿಗೆ ತೀರ ಹತ್ತಿರದಲ್ಲಿ, ಯಾರೋ ಮೂಗು ಎಳೆದುಕೊಂಡರು. ಉಗುಳು ನುಂಗಿದರು. ಮತ್ತೆ ತಡೆಯಲಾಗದೆ ಬಿಕ್ಕಿದರು. ಪರದೆಯಲ್ಲಿದ್ದ ನಾನು ಆ ಹೊತ್ತಿಗೆ ಸರಿಯಾಗಿ ಕ್ಯಾಮರಾದತ್ತ ನೋಡುತ್ತಿದ್ದೆ, ಈ ಕಲ್ಲು ಒಂದು ಮಾತಾದರೂ ಆಡಬಾರದೇ ಎನ್ನುವ ಮುಖ ಮಾಡಿಕೊಂಡು.

"ಎಲ್ಲಾ ಮದುವೇಲೂ ಹೀಗೇ," ಎಂದರು ಅತ್ತಿಗೆ ಮೆಲ್ಲಗೆ. "ಗುರುತು ಪರಿಚಯ ಇಲ್ಲದವರ ಮದುವೇಲೂ. ಆದ್ರೆ ಇಷ್ಟು ನಡುಗಿದ್ದು ಇದೊಂದರಲ್ಲೇ."

"ಚಿಕ್ಕಂದಿನಿಂದ ಅವನು ಹಾಗೇ," ಎಂದಳು ಅಮ್ಮ. "ನಿನ್ನನ್ನ ಮೊದಲ ದಿನ ಸ್ಕೂಲಿಗೆ ಬಿಟ್ಟು ಬರುವಾಗ ನೀನು ಅಳಲಿಲ್ಲ. ಇವನು ಗೇಟು ಹಿಡ್ಕೊಂಡು ಅತ್ತ."

ಅಣ್ಣನ ಕಿವಿ ಕೆಂಪಾಗಿತ್ತು. "ಅವತ್ತು ಧೂಳಿತ್ತು," ಎಂದ. ಯಾರೂ ನಗಲಿಲ್ಲ. ಆಮೇಲೆ, "ಆ ಟಿಕ್ಕು ಮತ್ತೆ ಹಾಕಿಬಿಡು" ಎಂದ ಅತ್ತಿಗೆಗೆ.

ಅತ್ತಿಗೆಯ ಕೈ ಮೌಸಿನತ್ತ ಹೋಯಿತು.

"ಬೇಡ ಅತ್ತಿಗೆ," ಎಂದೆ. "ಬೇರೆ ಎಲ್ಲಾ ಮದುವೆಗೂ ಇರಲಿ. ನಂದಕ್ಕೆ ಹಾಕಬೇಡಿ. ಇದು ಹೀಗೇ ಇರಲಿ."

ಅಣ್ಣ ನನ್ನತ್ತ ನೋಡಲಿಲ್ಲ. ಅತ್ತಿಗೆಯ ಮೂಗಿನ ಮೇಲಿದ್ದ ಹೊಸ ಕನ್ನಡಕವನ್ನು ಕಿತ್ತುಕೊಂಡು, ಅದರಲ್ಲಿ ಇಲ್ಲದ ಧೂಳನ್ನು ಅಂಗಿಯ ತುದಿಯಿಂದ ಒರೆಸುತ್ತಾ ನಿಂತ. ಕನ್ನಡಕ ಅವನ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ನಾನು ಹೋಗಿ ಅವನ ಪಕ್ಕದಲ್ಲಿ, ಬೀರುವಿಗೆ ಒರಗಿ ನಿಂತುಕೊಂಡೆ. ಮೊದಲಿನಿಂದ ಹಾಕಿ ಎಂದೆ ಅತ್ತಿಗೆಗೆ.